ಆರಿಸಿದವರ ಸಹಿ

ಲಕ್ಷ್ಮೇಶ್ವರದ ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ನಾನು ಶೇಂಗಾ ಚಟ್ನಿಪುಡಿ ಮಾಡಿ ಮಾರಲು ಶುರುಮಾಡಿ ಬಹಳ ವರ್ಷವಾಯಿತು. ಸರ್ಕಾರದ ಪರವಾನಗಿ ಮೊದಲಿನಿಂದಲೂ ಇತ್ತು. ಶಿರಹಟ್ಟಿ, ಮುಂಡರಗಿಯ ಕಿರಾಣಿ ಅಂಗಡಿಯವರು ಅದನ್ನೂ ಕೇಳಿದವರಲ್ಲ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು "ಕಳಸ್ರಿ" ಅನ್ನುತ್ತಿದ್ದರು. ಗದಗಿನ ಒಂದು ದೊಡ್ಡ ಅಂಗಡಿಗೆ ಹೋದಾಗ ಮಾತ್ರ ಅಲ್ಲಿಯ ಮ್ಯಾನೇಜರು ಪಾಕೀಟು ಒಡೆಯಲೇ ಇಲ್ಲ.

"ಗುಣಮಟ್ಟದ ಸರ್ಟಿಫಿಕೇಟ್ ಐತೇನ್ರಿ? ಅದಿಲ್ದ ನಾವು ಮಾಲು ಇಡೂದಿಲ್ಲ" ಅಂದರು.

ಅಂಥದ್ದನ್ನು ಮಾಡಿಸಿಕೊಡುವ ಸಲಹೆಗಾರರೊಬ್ಬರನ್ನು ನಮ್ಮ ಮನೆಯವರು ಹುಡುಕಿ ತಂದರು. ಅವರು ಬಂದವರೇ ಹನ್ನೊಂದು ಫೈಲು ಮೇಜಿನ ಮೇಲೆ ಇಟ್ಟರು. "ನೋಡ್ರಿ ಮೇಡಂ, ಬರೀಲಾರದ್ದು ನಡದೇ ಇಲ್ಲ ಅಂತ ಲೆಕ್ಕ" ಅಂದರು. ಆ ಮಾತು ನನಗೆ ಆವತ್ತು ಬಹಳ ಸರಿ ಅನ್ನಿಸಿತ್ತು.

ನಮ್ಮಲ್ಲಿ ಶೇಂಗಾ ಆರಿಸುತ್ತಿದ್ದವಳು ಯಳವತ್ತಿಯಿಂದ ಬಸ್ಸಿಗೆ ಬರುವ ಒಬ್ಬಳು ಹಿರಿಯ ಹೆಂಗಸು. ನಾನು ಅಕ್ಕ ಅನ್ನುತ್ತಿದ್ದೆ. ಚೀಲದ ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿ, ತಳದ ಕಾಳು ತೆಗೆದು ಒಡೆದು ಮೂಸುತ್ತಿದ್ದಳು. ಮುಗ್ಗಿದ ವಾಸನೆ ಬಂದರೆ ಇಡೀ ಚೀಲ ವಾಪಸು. ವ್ಯಾಪಾರಿ ಎದುರಿಗೇ ನಿಂತಿದ್ದರೂ ಅವಳಿಗೆ ದಾಕ್ಷಿಣ್ಯವಿರಲಿಲ್ಲ. ಆದರೆ ಅಕ್ಷರ ಬರುತ್ತಿರಲಿಲ್ಲ. ರಿಜಿಸ್ಟರಿನಲ್ಲಿ 'ಆರಿಸಿದವರ ಸಹಿ' ಎಂಬ ಕಾಲಂ ಬಂದಾಗ ಸಲಹೆಗಾರರು ತಡಮಾಡದೆ ನಮ್ಮ ಮನೆಯವರ ಹೆಸರು ಹಾಕಿಸಿದರು. ಅಕ್ಕನನ್ನು ಕಸಗುಡಿಸುವವರ ಪಟ್ಟಿಗೆ ಸೇರಿಸಿದರು. ಹಿಂದಿನ ಆರು ತಿಂಗಳ ಪುಟಗಳನ್ನು ನಾವು ಗಂಡ ಹೆಂಡತಿ ಒಂದೇ ಮಧ್ಯಾಹ್ನ ಕೂತು ತುಂಬಿದೆವು. ಒಂದೇ ಕೈಬರಹ ಕಾಣಬಾರದೆಂದು ಮೂರು ಪೆನ್ನು ಬದಲಿಸಿದೆವು. ನಾಚಿಕೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ತುಂಬಿದೆ.

ತಪಾಸಣೆಗೆ ಬಂದ ಅಧಿಕಾರಿ ಎಲ್ಲಾ ಫೈಲು ತಿರುವಿದರು. ತೂಕದ ಯಂತ್ರದ ಮುದ್ರೆ ನೋಡಿದರು. ಟ್ಯೂಬ್‌ಲೈಟಿಗೆ ಮುಚ್ಚಳ ಹಾಕಿ, ಪಾಕೀಟಿನ ಮೇಲೆ ಲಾಟ್ ನಂಬರು ಹೊಡೆಯಿರಿ ಅಂದರು. ಶೇಂಗಾ ಚೀಲದ ಕಡೆ ಹೊರಳಿಯೂ ನೋಡಲಿಲ್ಲ. ಹೋಗುವ ಮುಂಚೆ ಅಲ್ಲೇ ಕೂತಿದ್ದ ಅಕ್ಕನನ್ನು, "ನೀವು ಕಸ ಹೊಡಿಯೋರು ಹೌದಲ್ಲ? ಕೈಗವಸು ಕೊಡ್ತಾರೇನು?" ಎಂದು ಕೇಳಿದರು.

ಅಕ್ಕ ನನ್ನ ಮುಖ ನೋಡಿದಳು. ಅವರು ಹೋದ ಮೇಲೆ ಮೆಲ್ಲಗೆ ಕೇಳಿದಳು: "ತಂಗಿ, ಆ ಬುಕ್ಕಿನ್ಯಾಗ ನಾ ಏನ್ ಮಾಡ್ತೀನಿ ಅಂತ ಬರದೀರಿ?"

ನಾನು ಮೇಜಿನ ಮೇಲಿನ ಫೈಲು ಜೋಡಿಸತೊಡಗಿದೆ. ಮರುದಿನದಿಂದ ಅವಳು ಬರಲಿಲ್ಲ.

ಸರ್ಟಿಫಿಕೇಟು ಬಂತು. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆವು. ಶೇಂಗಾ ನಾನೇ ಆರಿಸತೊಡಗಿದೆ. ನನಗೆ ಮೇಲಿನ ಕಾಳಷ್ಟೇ ಕಾಣುತ್ತಿತ್ತು. ತಿಂಗಳೊಳಗೆ ಮುಂಡರಗಿಯ ಅಂಗಡಿಯವರು ಫೋನ್ ಮಾಡಿದರು. "ಯಾಕ್ರಿ ಅಕ್ಕಾರ, ಈ ಸಲ ಪುಡಿ ಕಮಟು ಹೊಡಿಯಾಕತ್ತೈತಿ. ಗಿರಾಕಿ ತಂದು ಮುಂದ ಇಟ್ಟು ಹೋದ್ರು." ಲಾಟ್ ನಂಬರು ಇದ್ದುದರಿಂದ ಯಾವ ದಿನದ ಮಾಲು, ಎಲ್ಲೆಲ್ಲಿ ಹೋಗಿದೆ ಎಂದು ಹುಡುಕಿ ಎರಡೇ ದಿನದಲ್ಲಿ ಅಷ್ಟನ್ನೂ ವಾಪಸು ತರಿಸಿದೆವು. ಆ ಮಟ್ಟಿಗೆ ಅಧಿಕಾರಿಯ ಮಾತು ಉಪಯೋಗಕ್ಕೆ ಬಂತು, ಇಲ್ಲ ಅನ್ನಲಾರೆ. ಆದರೆ ಅದೇ ದಿನದ ರಿಜಿಸ್ಟರು ತೆಗೆದು ನೋಡಿದರೆ, ಆ ಚೀಲದ ಮುಂದೆ 'ಪರೀಕ್ಷಿಸಿದೆ, ಸರಿ ಇದೆ' ಎಂದು ನಮ್ಮ ಮನೆಯವರ ದುಂಡನೆಯ ಸಹಿ. ಆ ದಿನ ಅವರು ಊರಲ್ಲೇ ಇರಲಿಲ್ಲ.

ಯಳವತ್ತಿಗೆ ಹೋದೆ. ಅಕ್ಕ ಕಟ್ಟೆಯ ಮೇಲೆ ಕೂತು ಸಜ್ಜೆ ಹಸನು ಮಾಡುತ್ತಿದ್ದಳು. ತಪ್ಪಾಯಿತು ಅಂದೆ.

"ಕಸ ಹೊಡಿಯೂದು ಕೀಳಲ್ಲ ತಂಗಿ, ನಮ್ಮ ಮನ್ಯಾಗ ನಾನೇ ಹೊಡೀತೀನಿ. ಆದ್ರ ನಾ ಮಾಡೂ ಕೆಲಸ ಒಂದು, ನೀವು ಬರದದ್ದು ಒಂದು. ನನ್ನ ಹೆಸರು ಅಲ್ಲಿ ಹಾಕಸ್ತೀ ಅಂದ್ರ ಬರ್ತೀನಿ."

ಸಲಹೆಗಾರರಿಗೆ ಫೋನ್ ಮಾಡಿ, ಸಹಿಯ ಬದಲು ಹೆಬ್ಬೆಟ್ಟು ನಡೆಯುತ್ತದೆಯೇ ಎಂದು ಕೇಳಿದೆ. "ನಡೀತೈತ್ರಿ. ಯಾರು ಬ್ಯಾಡ ಅಂದಿದ್ರು?" ಅಂದರು. ಫೋನನ್ನು ನೆಲಕ್ಕೆ ಅಪ್ಪಳಿಸಬೇಕು ಅನ್ನಿಸಿತು. ಸಿಟ್ಟು ಅರ್ಧ ಅವರ ಮೇಲೆ, ಇನ್ನರ್ಧ ಮೊದಲೇ ಕೇಳದ ನನ್ನ ಮೇಲೆ.

ಅಕ್ಕ ಮತ್ತೆ ಬಂದಳು. ಮಸಿಯ ವಾಸನೆ ಮೂಗಿಗೆ ಅಡ್ಡ ಬರುತ್ತದೆಂದು ಆರಿಸುವುದೆಲ್ಲ ಮುಗಿದ ಮೇಲೆಯೇ ರಿಜಿಸ್ಟರಿನಲ್ಲಿ ತನ್ನ ಹೆಸರಿನ ಮುಂದೆ ಹೆಬ್ಬೆಟ್ಟು ಒತ್ತುತ್ತಾಳೆ.

ಮೊನ್ನೆ ಸರ್ಟಿಫಿಕೇಟಿನ ಪ್ರತಿ ಹಿಡಿದು ಗದಗಿನ ಆ ಅಂಗಡಿಗೆ ಹೋದೆ. ಹಳೆಯ ಮ್ಯಾನೇಜರು ಇರಲಿಲ್ಲ. ಹೊಸಬರು ಕಾಗದದ ಮೇಲೆ ಕಣ್ಣಾಡಿಸಿ, "ಇದು ಈಗ ನಡ್ಯಾಂಗಿಲ್ರಿ, ಇದಕ್ಕಿಂತ ಮ್ಯಾಲಿಂದು ಬೇಕು" ಅಂದರು. ನಾನು ಬ್ಯಾಗಿನಿಂದ ಪಾಕೀಟು ತೆಗೆದು, "ಒಂದ್ಸಲ ರುಚಿಯರ ನೋಡ್ರಿ" ಅಂದೆ.

"ಅದು ನಮ್ಮ ಕೆಲಸ ಅಲ್ರಿ" ಅಂದರು. ಪಾಕೀಟು ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದೆ.