ಮರಿಯಮ್ಮನ ಕಿವಿಗೆ ಬಟ್ಟೆ

"ಹಸಿ ಬಾಣಂತಿ ಕಣ್ರೀ ಟೀಚರ್! ಈ ಚಳೀಲಿ ಕಿವಿಗೊಂದು ಬಟ್ಟೆನಾದ್ರೂ ಕಟ್ಬಾರ್ದಾ?"

ಗದರಿಸಿದವರು ನಮಗೆ ಹಾಲು ಹಾಕುವ ಗಂಗಮ್ಮ. ಬಾಣಂತಿ ಎಂದರೆ, ತಿಪಟೂರಿನ ನಮ್ಮ ಮನೆಯ ಹಜಾರದಲ್ಲಿ ಕ್ರಿಸ್‌ಮಸ್‌ಗೆಂದು ಜೋಡಿಸಿದ್ದ ಗೋದಲಿಯೊಳಗೆ, ಬಾಲಯೇಸುವಿನ ಪಕ್ಕ ಕೂತಿದ್ದ ಗೇಣುದ್ದದ ಮರಿಯಮ್ಮನ ಗೊಂಬೆ.

ಗೋದಲಿಗೆ ಸೂರು ಹೊದಿಸಲು ತೆಂಗಿನ ಗರಿ ಬೇಕೆಂದು ನಾನೇ ಗಂಗಮ್ಮನಿಗೆ ಹೇಳಿದ್ದೆ. ಆದರೆ ಅವರು ಹೊತ್ತು ತಂದಾಗ ನಾನು ಕಜ್ಜಾಯ ಕರಿಯುತ್ತಿದ್ದೆ. "ಬಾಗಿಲಲ್ಲೇ ಇಟ್ಟು ಹೋಗಿ ಗಂಗಮ್ಮ, ಮಾತಾಡೋಕೂ ಪುರುಸೊತ್ತಿಲ್ಲ" ಎಂದು ಅಡುಗೆಮನೆಯಿಂದಲೇ ಕೂಗಿದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ನೇರ ಒಳಗೆ ಬಂದು ನನ್ನನ್ನು ಗದರಿಸಿ, ಹಾಲು ಸೋಸುವ ಬಟ್ಟೆಯ ತುದಿ ಹರಿದು ಮರಿಯಮ್ಮನ ತಲೆಗೆ ಬಿಗಿಯಾಗಿ ಕಟ್ಟಿಯೇಬಿಟ್ಟರು.

"ಅಲ್ಲಾ, ದನದ ಕೊಟ್ಟಿಗೇಲಿ ಯಾಕೆ ಹೆತ್ಲು? ಆ ಊರಲ್ಲಿ ಮನೆಗಳೇ ಇರ್ಲಿಲ್ವಾ?"

"ಇದ್ವು. ಯಾರೂ ಒಳಗೆ ಕರೀಲಿಲ್ಲ."

"ತುಂಬು ಬಸುರಿ ಬಾಗಿಲಿಗೆ ಬಂದ್ರೂ? ಅಂಥಾ ಏನು ಕೆಲ್ಸ ಇತ್ತಂತೆ ಅವ್ರಿಗೆ?"

ನಾನು ಜಾಲರಿ ಸೌಟು ಕೆಳಗಿಟ್ಟು ಒಲೆ ಆರಿಸಿದೆ. ಕುರ್ಚಿ ಎಳೆದು ಅವರನ್ನು ಕೂರಿಸಿ, ಬಿಸಿ ಕಜ್ಜಾಯ ಕೊಟ್ಟೆ.

ಸಂಜೆ ಬಂದ ನೆಂಟರೆಲ್ಲ ಕಿವಿ ಕಟ್ಟಿಕೊಂಡ ಮರಿಯಮ್ಮನನ್ನು ನೋಡಿ ನಕ್ಕರು. ನಾನು ಮಾತ್ರ ಬಟ್ಟೆ ಬಿಚ್ಚಲಿಲ್ಲ. ಚಿಕ್ಕಂದಿನಿಂದಲೂ ಚರ್ಚಿನಲ್ಲಿ ಆ ಕಥೆ ಕೇಳಿದಾಗಲೆಲ್ಲ ಬಾಗಿಲು ತೆರೆಯದ ಆ ಜನರ ಮೇಲೆ ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು. ಪಾಪ, ಅವರೂ ಅವತ್ತು ಕಜ್ಜಾಯ ಕರಿಯುತ್ತಿದ್ದರೇನೋ.