ಒಣಗುವ ಮುಂಚೆ

ವಾರ್ನಿಷ್ ವಾಸನೆ ಬಂದರೆ ಈಗಲೂ ಸೋದರಮಾವ ನೆನಪಾಗುತ್ತಾನೆ. ಮರದ ಸಾಮಾನಿಗೆ ಪಾಲಿಶ್ ಹಾಕುವುದರಲ್ಲಿ ಎತ್ತಿದ ಕೈ, ತಾಳ್ಮೆ ಮಾತ್ರ ಸೊನ್ನೆ. ಒಣಗಿತೋ ಇಲ್ಲವೋ ಎಂದು ಬೆರಳಿಟ್ಟು ನೋಡಿ ಎಷ್ಟು ಮೇಜು ಕೆಡಿಸಿದನೋ! ಹೆಂಗಸರ ವಿಷಯದಲ್ಲೂ ಅದೇ ಆತುರ. ಗುರುತಿಲ್ಲದವರ ಜೊತೆ ಲಾಡ್ಜಿಗೆ ಹೋಗಿ ಕಾಯಿಲೆ ಅಂಟಿಸಿಕೊಂಡ. ವಾಸಿಯಾದ ಮೇಲೂ ಆ ಚಟ ಬಿಡಲಿಲ್ಲ.

"ಸುಖಕ್ಕಲ್ಲ ಕಣೋ," ಎಂದಿದ್ದ ಒಮ್ಮೆ, ಪಾಲಿಶ್ ಬಟ್ಟೆ ಹಿಂಡುತ್ತಾ. "ಮನಸ್ಸಿಗೆ ಬಂದರೆ ತಡೆಯೋಕಾಗಲ್ಲ. ಆಮೇಲೆ ನಾಚಿಕೆ. ಅದನ್ನ ಮರೆಯೋಕೆ ಮತ್ತೆ ಹೋಗ್ತೀನಿ."

ಅತ್ತೆ ಅವನನ್ನು ಮನೆಯಿಂದ ಆಚೆ ಹಾಕಿದಳು. ಅವನ ಬೆರಳಚ್ಚು ಬಿದ್ದ ಊಟದ ಮೇಜು ಮಾತ್ರ ಅಲ್ಲೇ ಉಳಿಯಿತು. ಮಾವ ತೀರಿಕೊಂಡ ಮೇಲೆ, "ಹೊಸ ಪಾಲಿಶ್ ಹಾಕಿಸಲಾ ಅತ್ತೆ?" ಅಂದೆ.

ಅವಳು ಆ ಗುರುತಿನ ಮೇಲೆ ಬೆರಳಿಟ್ಟು, "ಬೇಡ ಬಿಡು. ನಿಮ್ಮ ಮಾವ ಈ ಮನೇಲಿ ನೆಲೆ ನಿಂತಿದ್ದು ಇಷ್ಟು ಜಾಗದಲ್ಲೇ," ಎಂದಳು.