ಧಾರೆಯ ಹೊತ್ತಿಗೆ ತೆರೆದಿಟ್ಟ ಬಾಗಿಲು

ಮಣಿಪಾಲದಲ್ಲಿ ನಾನು ಮಾಡುತ್ತಿದ್ದ ಕೆಲಸ ಎಂಥದ್ದೆಂದು ಕಾರ್ಕಳದಲ್ಲಿದ್ದ ಅಮ್ಮನಿಗೆ ವಿವರಿಸಿ ವಿವರಿಸಿ ಸಾಕಾಗಿಹೋಗಿತ್ತು. ಊರಿನ ವ್ಯಾಪಾರಸ್ಥರ ಕಂಪ್ಯೂಟರುಗಳನ್ನು ನಾವು ದೂರದಿಂದಲೇ ನೋಡಿಕೊಳ್ಳುತ್ತೇವೆ, ಕಳ್ಳಕಾಕರು ಬಂದರೆ ತಡೆಯುತ್ತೇವೆ ಎಂದರೆ, "ಅಂದ್ರೆ ವಾಚ್‌ಮನ್ ಕೆಲಸ. ಸೀಟಿ ಕೊಟ್ಟಿದ್ದಾರಾ?" ಎನ್ನುತ್ತಿದ್ದಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅರ್ಧ ಊಟದಲ್ಲಿ ಎದ್ದು ಪರ್ಕಳದ ನನ್ನ ಬಾಡಿಗೆ ಕೋಣೆಗೆ ಬಸ್ಸು ಹತ್ತಿದ್ದೂ ಇದೆ.

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಮಣಿಪಾಲದ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ ನಮ್ಮ ಕಚೇರಿ. ಕಾರ್ಕಳದ ಗೇರುಬೀಜದ ಕಾರ್ಖಾನೆ, ಮಲ್ಪೆಯ ಮೀನು ರಫ್ತಿನವರು, ಉಡುಪಿಯ ಒಂದೆರಡು ಸಹಕಾರಿ ಸಂಘಗಳು ನಮ್ಮ ಗಿರಾಕಿಗಳು. ಯಾರ ಜಾಲದಲ್ಲಿ ಏನು ಓಡಾಡುತ್ತಿದೆ ಎಂದು ಪರದೆಯ ಮೇಲೆ ಕಣ್ಣಿಟ್ಟು ಕೂರುವುದು ನಮ್ಮ ಪಾಲಿನ ಕೆಲಸ. ದೊಡ್ಡ ದಾಳಿ ಬಂದರೆ ತಡೆದುಕೊಳ್ಳುವ ಶಕ್ತಿ ನಮ್ಮಲ್ಲಿರಲಿಲ್ಲ. ಅದಕ್ಕಾಗಿ ಮುಂಬಯಿಯ ಒಂದು ಕೇಂದ್ರದೊಡನೆ ಒಪ್ಪಂದವಿತ್ತು. ನಾವು ಹೇಳಿದ ಕೂಡಲೇ ಅವರು ಗಿರಾಕಿಗೆ ಬರುವ ಎಲ್ಲವನ್ನೂ ತಮ್ಮ ಕಡೆ ತಿರುಗಿಸಿಕೊಂಡು, ಸೋಸಿ, ಒಳ್ಳೆಯದನ್ನಷ್ಟೇ ಮುಂದೆ ಕಳಿಸುತ್ತಿದ್ದರು.

ಗಿರಾಕಿಗಳಲ್ಲಿ ನನ್ನ ಮೆಚ್ಚಿನವರೆಂದರೆ ಕಾಪುವಿನ ಫೋಟೋ ಸ್ಟುಡಿಯೋದ ಯಜಮಾನರು. ಮದುವೆಗಳನ್ನು ನೇರವಾಗಿ ಇಂಟರ್‌ನೆಟ್‌ನಲ್ಲಿ ತೋರಿಸುವ ಹುಚ್ಚು ನಮ್ಮ ಕಡೆ ಮೊದಲು ಹಿಡಿದದ್ದು ಅವರಿಗೆ. ಮನೆಗೊಬ್ಬರು ಗಲ್ಫಿನಲ್ಲಿರುವ ಊರುಗಳಲ್ಲಿ ಅದಕ್ಕೆ ಗಿರಾಕಿಗಳಿಗೇನು ಬರಗಾಲ? ಶಿರ್ವದ ಇಗರ್ಜಿಯ ಮದುವೆಯಿಂದ ಹಿಡಿದು ಕಾಪುವಿನ ಹಾಲ್‌ನ ಮದುವೆಯವರೆಗೆ ಎಲ್ಲದಕ್ಕೂ ಅವರೇ. ಕರೆಯೋಲೆಯ ಕೊನೆಯಲ್ಲಿ ಒಂದು ಗುಟ್ಟಿನ ಪದ ಅಚ್ಚು ಮಾಡಿಸುತ್ತಿದ್ದರು. ಸೈಟಿನಲ್ಲಿ ಆ ಪದ ಹಾಕಿದವರಿಗೆ ಮಾತ್ರ ಮದುವೆ ಕಾಣುತ್ತಿತ್ತು. ದಾಳಿ ಎಂದರೇನೆಂದು ಅವರಿಗೆ ಹೇಳುವುದಕ್ಕೆ ನಾನು ಊಟದ ಪಂಕ್ತಿಯನ್ನೇ ಹಿಡಿದಿದ್ದೆ. ಕರೆಯದ ಸಾವಿರ ಜನ ಬಂದು ಮೊದಲ ಪಂಕ್ತಿಯಲ್ಲಿ ಕೂತರು, ಎಲೆಯ ಮುಂದೆ ಉಣ್ಣದೆ ಸುಮ್ಮನೆ ಕೂತೇ ಇದ್ದರು ಎಂದಿಟ್ಟುಕೊಳ್ಳಿ. ಕರೆದವರು ಹೊರಗೆ ನಿಂತೇ ಇರಬೇಕಾಗುತ್ತದೆ. ಅವರಿಗೆ ಅದು ಥಟ್ಟನೆ ತಿಳಿದು, ಅಂದೇ ನಮ್ಮ ಸೇವೆಗೆ ಸೇರಿದರು.

ಒಂದು ಶುಕ್ರವಾರ ಅವರು ನಗುತ್ತಲೇ ಕಚೇರಿಗೆ ಬಂದರು. "ಮೇಡಂ, ನಂಗೊಂದು ತಮಾಷೆಯ ಇಮೇಲ್ ಬಂದಿದೆ. ಭಾನುವಾರ ನಿಮ್ಮ ಸೈಟ್ ಬಂದ್ ಮಾಡ್ತೇವೆ, ಬೇಡ ಅಂತಾದ್ರೆ ದುಡ್ಡು ಕಳಿಸಿ ಅಂತ."

"ನೀವು ಎಂತ ಮಾಡಿದ್ರಿ?"

"ಉತ್ತರ ಬರೆದೆ. ಭಾನುವಾರ ನಮ್ಮಲ್ಲಿ ಮದುವೆ ಉಂಟು, ಮಧ್ಯಾಹ್ನ ಊಟಕ್ಕೆ ಬನ್ನಿ, ಹಾಲ್ ಬಸ್ ಸ್ಟ್ಯಾಂಡಿನ ಹತ್ತಿರವೇ ಅಂತ."

ನಾನು ತಲೆ ಚಚ್ಚಿಕೊಂಡೆ. ಜಗತ್ತಿನಲ್ಲಿ ಬೇರೆಲ್ಲಿಯ ವ್ಯಾಪಾರಿಯೂ ಬೆದರಿಕೆ ಹಾಕಿದವನನ್ನು ಊಟಕ್ಕೆ ಕರೆದಿರಲಾರ. ಅದು ತಮಾಷೆಯಲ್ಲ ಎಂದು ತಿಳಿಸಿ ಹೇಳಿದಾಗ ಅವರ ಮುಖ ಸಣ್ಣದಾಯಿತು. "ಅಯ್ಯೋ, ಈ ಮದುವೆ ಒಂದು ತಪ್ಪಬಾರದು ಮಾರಾಯ್ರೆ. ಹುಡುಗಿಯ ಅಪ್ಪ ಗಲ್ಫಿನಲ್ಲಿ, ಕಂಪನಿ ಕೊನೆಗಳಿಗೆಯಲ್ಲಿ ರಜೆ ಕೊಡಲಿಲ್ಲ. ಪಾಸ್‌ಪೋರ್ಟ್ ಕಂಪನಿಯವರ ಕೈಯಲ್ಲೇ ಉಂಟಲ್ವಾ. ಧಾರೆಯ ಹೊತ್ತಿಗೆ ಅರ್ಧ ಗಂಟೆ ಕಂಪ್ಯೂಟರ್ ಎದುರು ಕೂತುಕೊಳ್ಳಲಿಕ್ಕೆ ಸೂಪರ್‌ವೈಸರ್ ಒಪ್ಪಿದ್ದಾನೆ ಅಂತೆ. ಅಷ್ಟೇ ಅವರಿಗೆ ಸಿಗುವುದು. ಒಬ್ಬಳೇ ಮಗಳು."

ಅಂಗಡಿಯ ಸೈಟ್ ಒಂದು ದಿನ ನಿಂತರೆ ಮರುದಿನ ತೆರೆಯಬಹುದು. ಮುಹೂರ್ತ ಮರುದಿನ ಬರುವುದಿಲ್ಲ. ಭಾನುವಾರದ ಪಾಳಿ ನನ್ನದಲ್ಲದಿದ್ದರೂ ಕೇಳಿ ಹಾಕಿಸಿಕೊಂಡೆ.

ಮದುಮಗನ ದಿಬ್ಬಣ ಹಾಲ್‌ಗೆ ಬರುವ ಹೊತ್ತಿಗೆ ಸರಿಯಾಗಿ ಕರೆಯದ ಅತಿಥಿಗಳೂ ಬಂದರು. ಪರದೆಯ ಮೇಲಿನ ಗೆರೆ ನೋಡುನೋಡುತ್ತಿದ್ದಂತೆ ಮೇಲಕ್ಕೇರಿ ಅಂಚು ಮುಟ್ಟಿತು. ಎಲ್ಲೆಲ್ಲಿಯೋ ಸೋಂಕು ತಗಲಿದ ಸಾವಿರಾರು ಕಂಪ್ಯೂಟರುಗಳು ಸ್ಟುಡಿಯೋದ ಸೈಟನ್ನು ಒಟ್ಟಿಗೇ ಬಡಿಯುತ್ತಿದ್ದವು. ಮದುವೆಯ ಚಿತ್ರ ನಿಂತುಹೋಯಿತು. ಆರತಿಯ ತಟ್ಟೆ ಹಿಡಿದ ಹೆಂಗಸೊಬ್ಬರು ಕೈ ಎತ್ತಿದಲ್ಲೇ ನಿಂತಿದ್ದರು.

ಮುಂಬಯಿಗೆ ಫೋನ್ ಮಾಡಿದೆ. ಅವರು ತಡಮಾಡದೆ ಎಲ್ಲವನ್ನೂ ತಮ್ಮತ್ತ ತಿರುಗಿಸಿಕೊಂಡರು. ಅಲ್ಲಿದ್ದಾತ, ಅತಿ ಹೆಚ್ಚು ಬಡಿಯುತ್ತಿರುವ ವಿಳಾಸಗಳನ್ನು ಮೊದಲು ಮುಚ್ಚುತ್ತೇನೆ ಎಂದು ಪಟ್ಟಿ ಓದತೊಡಗಿದ. ಹೆಚ್ಚಿನ ಕಡೆಗಳಲ್ಲಿ ಅದೇ ಸರಿಯಾದ ಕ್ರಮ. ಆದರೆ ಪಟ್ಟಿಯ ಮೊದಲ ವಿಳಾಸ ಕೇಳಿದ್ದೇ ನಾನು ಕುರ್ಚಿಯಿಂದ ಎದ್ದುನಿಂತೆ. ಅದು ಹುಡುಗಿಯ ಅಪ್ಪ ಇದ್ದ ಗಲ್ಫ್ ದೇಶದ್ದು. ಅಲ್ಲಿ ಆಗ ಎಲ್ಲರ ಇಂಟರ್‌ನೆಟ್ಟೂ ಸರಕಾರದ ಒಂದೇ ಹೆಬ್ಬಾಗಿಲಿನಿಂದ ಹೊರಗೆ ಬರುತ್ತಿತ್ತು. ನೂರಾರು ಜನ ಮದುವೆ ನೋಡಿದರೂ ನಮ್ಮ ಲೆಕ್ಕದಲ್ಲಿ ಅವರೆಲ್ಲ ಒಂದೇ ವಿಳಾಸ. ಹಿಂದಿನ ಮದುವೆಗಳನ್ನು ನೋಡುತ್ತಾ ನೋಡುತ್ತಾ ನನಗದು ಬಾಯಿಪಾಠವಾಗಿತ್ತು. ಆ ವಿಳಾಸ ಮುಚ್ಚಿದರೆ ದಾಳಿಕೋರನಿಗೇನೂ ನಷ್ಟವಿಲ್ಲ, ಹುಡುಗಿಯ ಅಪ್ಪನ ಮುಖಕ್ಕೆ ಬಾಗಿಲು ಹಾಕಿದಂತಾಗುತ್ತದೆ.

"ಅದನ್ನು ಮುಟ್ಟಬೇಡಿ, ಅವರು ನಮ್ಮ ಮನೆಯವರು," ಎಂದೆ. ನಿಯಮದಲ್ಲಿ ಹಾಗಿಲ್ಲ ಎಂದ ಅವನು. ಕಚೇರಿಯಲ್ಲಿ ನನ್ನ ಮೇಲಿದ್ದ ಹಿರಿಯರೂ ಪಕ್ಕದಲ್ಲಿ ನಿಂತು, ಮುಂಬಯಿಯವರು ಹೇಳಿದಂತೆ ಮಾಡು ಎಂದರು. ನನಗೆ ಪಿತ್ತ ನೆತ್ತಿಗೇರಿತು. ಯಾರನ್ನು ಒಳಗೆ ಬಿಡಬೇಕೆಂದು ತಿಳಿಯದಿದ್ದರೆ ನಾವು ಕಾಯುವುದಾದರೂ ಏನನ್ನು ಎಂದು ಇಬ್ಬರಿಗೂ ಕೇಳುವ ಹಾಗೆ ಕೂಗಿದೆ. ಇಡೀ ಕಚೇರಿ ತಿರುಗಿ ನೋಡಿತು.

ಕೂಗಿದ್ದು ಹೌದಾದರೂ ದಾರಿಯನ್ನೂ ನಾನೇ ಹುಡುಕಿಕೊಡಬೇಕಾಗಿತ್ತು. ಬಡಿಯುವ ಯಂತ್ರಗಳೆಲ್ಲ ಸೈಟಿನ ಮುಖಪುಟಕ್ಕಷ್ಟೇ ಬಂದು ಹೋಗುತ್ತಿದ್ದವು. ಕರೆಯೋಲೆಯ ಗುಟ್ಟಿನ ಪದ ಅವುಗಳಿಗೆ ಗೊತ್ತಿರಲಿಲ್ಲ. ಎಷ್ಟು ಸಲ ಬಡಿಯುತ್ತಾರೆಂದು ಎಣಿಸುವುದನ್ನು ನಿಲ್ಲಿಸಿ, ಆ ಪದ ಹಾಕಿದವರನ್ನು ಎಲ್ಲಿಂದ ಬಂದಿದ್ದರೂ ಒಳಗೆ ಬಿಡಿ, ಪದ ಹಾಕುವುದಕ್ಕೆ ಆ ಹೆಬ್ಬಾಗಿಲಿನಿಂದ ಬರುವವರಿಗೆ ಅವಕಾಶ ಕೊಡಿ, ಉಳಿದದ್ದನ್ನೆಲ್ಲ ಹೊರಗೇ ತಡೆಯಿರಿ ಎಂದೆ. ಹಾಗೇ ಹೊಸ ನಿಯಮ ಬರೆಯುತ್ತೇನೆ, ಫೋನ್ ಇಡಬೇಡಿ ಎಂದ ಮುಂಬಯಿಯಾತ. ಅವನ ಕೀಲಿಮಣೆಯ ಸದ್ದು ನನಗೆ ಕೇಳುತ್ತಿತ್ತು.

ಆರತಿಯ ಹೆಂಗಸಿನ ಕೈ ಕೊನೆಗೂ ಕೆಳಗಿಳಿಯಿತು. ಚಿತ್ರ ಒಂದೆರಡು ಸಲ ಮುಗ್ಗರಿಸಿ ಮುಂದಕ್ಕೆ ಓಡಿತು, ಮದುಮಗಳು ಮಂಟಪಕ್ಕೆ ಬರುತ್ತಿದ್ದಳು. ಸೋಸಿ ಬರುವ ದಾರಿ ಸುತ್ತಿನದು. ಹಾಗಾಗಿ ಎಂದಿನ ಅರ್ಧ ನಿಮಿಷದ ಬದಲು ಒಂದು ನಿಮಿಷಕ್ಕಿಂತ ತುಸು ಹೆಚ್ಚು ತಡವಾಗಿ ಎಲ್ಲವೂ ಕಾಣುತ್ತಿತ್ತು. ಹೊರಗೆ ಬಡಿತ ಇನ್ನೂ ನಿಂತಿರಲಿಲ್ಲ, ಒಳಗೆ ಓಲಗ ಊದುತ್ತಿತ್ತು. ಅಪ್ಪನ ಬದಲು ಸೋದರಮಾವ ಧಾರೆಯ ಗಿಂಡಿ ಹಿಡಿದರು. ನೀರು ಬಿತ್ತು. ನನ್ನ ಹಿರಿಯರು ಕ್ಯಾಂಟೀನಿನಿಂದ ನನಗೊಂದು ಚಹಾ ತಂದಿಟ್ಟರು. ಹೆಮ್ಮೆಯಿಂದ ನನ್ನ ಎದೆ ಉಬ್ಬಿತ್ತು, ಮುಚ್ಚಿಡುವುದೇಕೆ?

ಸ್ವಲ್ಪ ಹೊತ್ತಿನಲ್ಲಿ ಕಚೇರಿಯ ಫೋನ್ ಹೊಡೆದುಕೊಂಡಿತು. ಹುಡುಗಿಯ ಅಪ್ಪ, ಗಲ್ಫಿನಿಂದ. ಸ್ಟುಡಿಯೋದವರು ನಂಬರ್ ಕೊಟ್ಟಿದ್ದರಂತೆ. ದಾಳಿಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ, ನಾನೂ ಹೇಳಲಿಲ್ಲ. ಅವರು ತುಳುವಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಗಾ, ಈ ಚಿತ್ರ ತಡವಾಗಿ ಬರ್ತದೆ ಅಂತ ಇಲ್ಲಿ ಒಬ್ಬ ಹೇಳಿದ. ಹೌದಾ?"

"ಸ್ವಲ್ಪ ತಡ. ಒಂದು ನಿಮಿಷದ ಮೇಲೆ ಸ್ವಲ್ಪ. ಯಾಕೆ?"

"ಅಲ್ಲಿ ಅವರು ಧಾರೆ ಎರೆಯುವಾಗ ನಾನು ಕುಡಿಯುವ ಬಾಟ್ಲಿಯ ನೀರು ಇಲ್ಲಿ ಕೈಮೇಲೆ ಬಿಟ್ಟೆ. ಮೇಜೆಲ್ಲ ಒದ್ದೆ ಆಯ್ತು, ಸೂಪರ್‌ವೈಸರ್ ಬೈದ. ಅದಿರಲಿ. ನನ್ನ ನೀರು ಬೀಳುವಾಗ ಮುಹೂರ್ತ ಮೀರಿತ್ತಾ?"

ಫೋನ್ ಹಿಡಿದಿರಲು ಹೇಳಿ, ಇನ್ನೊಂದರಿಂದ ಹಾಲ್‌ನಲ್ಲಿದ್ದ ಸ್ಟುಡಿಯೋದ ಯಜಮಾನರಿಗೆ ಕರೆ ಮಾಡಿದೆ. ಅವರು ಕ್ಯಾಮರಾ ಬಿಟ್ಟು ಭಟ್ಟರ ಹತ್ತಿರ ಓಡಿದರು. ನೀರು ಬಿದ್ದದ್ದು ಮುಹೂರ್ತದ ಆರಂಭದಲ್ಲೇ, ಆಮೇಲೂ ಒಂದು ಗಳಿಗೆ ಇತ್ತು ಎಂದು ಭಟ್ಟರು ಹೇಳಿದ್ದು ನನಗೆ ಫೋನಿನಲ್ಲೇ ಕೇಳಿಸಿತು. ಒಂದು ಗಳಿಗೆ ಎಂದರೆ ಇಪ್ಪತ್ತನಾಲ್ಕು ನಿಮಿಷ. ನಮ್ಮ ತಡ ಎಷ್ಟೆಂದು ಪರದೆಯ ಮೇಲೆ ಮತ್ತೊಮ್ಮೆ ನೋಡಿಕೊಂಡೆ. ಊಹೆಯ ಮೇಲೆ ಹೇಳುವ ಮಾತಾಗಿರಲಿಲ್ಲ ಅದು.

"ಮೀರಿರಲಿಲ್ಲ," ಎಂದೆ. "ನಿಮ್ಮ ನೀರು ಮುಹೂರ್ತದ ಒಳಗೇ ಬಿದ್ದದ್ದು."

ಆಚೆ ಕಡೆ ಯಂತ್ರಗಳ ಸದ್ದಿನ ನಡುವೆ ಅವರು ಪಕ್ಕದವನಿಗೂ ಅದನ್ನೇ ಕೂಗಿ ಹೇಳಿದ್ದು ಕೇಳಿಸಿತು.

"ಹಾಗಾದ್ರೆ ಧಾರೆ ನಾನೂ ಎರೆದೆ ಅಂತಾಯ್ತು."

"ಹೌದು," ಎಂದೆ, "ನೀವೂ ಎರೆದಿರಿ."